ಸಿಗ್ಮಾಯ್ಡೋಸ್ಕೋಪಿಗೆ ಹೋಗುವ ಮುಂಚೆ ಇಷ್ಟು ಗೊತ್ತಿರಲಿ

ಮೋಷನ್‌ನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಡಾಕ್ಟರಿಗಿಂತ ಮೊದಲು ಮನೆಯವರೇ ರೋಗದ ಹೆಸರು ಹೇಳಿಬಿಡುತ್ತಾರೆ. 'ಮೂಲವ್ಯಾಧಿ ಕಣೋ, ಖಾರ ಬಿಡು, ಸುವರ್ಣಗೆಡ್ಡೆ ಪಲ್ಯ ತಿನ್ನು.' ನಾನೂ ಐದು ತಿಂಗಳು ಹಾಗೇ ದೂಡಿದೆ. ಮೂಲವ್ಯಾಧಿಯೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕರುಳಿನ ಉರಿಯೂತ, ಪಾಲಿಪ್ ಎಂಬ ಸಣ್ಣ ಗಂಟು, ಕೆಲವೊಮ್ಮೆ ಕ್ಯಾನ್ಸರ್ ಕೂಡ ಮೊದಲು ಹೀಗೇ ಕಾಣಿಸಿಕೊಳ್ಳುತ್ತವೆ. ಯಾವುದು ಅಂತ ತಿಳಿಯಬೇಕಾದರೆ ಒಳಗೆ ನೋಡಲೇಬೇಕು. ಹಾಗೆ ನೋಡುವ ಒಂದು ಪರೀಕ್ಷೆಯೇ ಸಿಗ್ಮಾಯ್ಡೋಸ್ಕೋಪಿ.

ನೋಡುವುದಕ್ಕೆ ಬಳಸುವುದು ಬೆರಳು ಗಾತ್ರದ, ಬಾಗುವ ನಳಿಗೆ. ಅದನ್ನು ಗುದದ್ವಾರದಿಂದ ಒಳಗೆ ಹಾಕುತ್ತಾರೆ. ತುದಿಯಲ್ಲಿ ಲೈಟು, ಕ್ಯಾಮೆರಾ ಇರುತ್ತವೆ. ಉದ್ದ ಸುಮಾರು 60 ಸೆಂ.ಮೀ. ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಇದೆ. ಅಂದರೆ ಈ ಪರೀಕ್ಷೆಯಲ್ಲಿ ಕಾಣುವುದು ಕೊನೆಯ ಭಾಗ, ಹೊಟ್ಟೆಯ ಎಡಬದಿ ಮಾತ್ರ. ಪೂರ್ತಿ ನೋಡಬೇಕೆಂದರೆ ಕೊಲೊನೋಸ್ಕೋಪಿ. ರಿಪೋರ್ಟ್ 'ನಾರ್ಮಲ್' ಅಂತ ಬಂದರೆ ನೋಡಿದಷ್ಟು ಜಾಗ ನಾರ್ಮಲ್ ಅಂತ ಅರ್ಥ. ಅದಾದ ಮೇಲೂ ರಕ್ತ ಹೋಗುತ್ತಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

ಹಳಬರು ಹೇಳುವ ಭಯದ ಕಥೆಗಳಿವೆಯಲ್ಲ, ಅವು ಗಟ್ಟಿ ನಳಿಗೆ ಹಾಕುತ್ತಿದ್ದ ಕಾಲದವು. 1963ರಲ್ಲಿ ಅಮೆರಿಕದ ಡಾ. ಬರ್ಗೀನ್ ಓವರ್‌ಹೋಲ್ಟ್ ಬಾಗುವ ನಳಿಗೆಯಿಂದ ಈ ಪರೀಕ್ಷೆ ಮಾಡಿದ ಮೇಲೆ ಕಷ್ಟ ಎಷ್ಟೋ ಇಳಿಯಿತು.

ಒಂದು ವಾರ ಮೊದಲು

ನೀವು ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿ ಡಾಕ್ಟರಿಗೆ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಶುಗರ್ ಮಾತ್ರೆ, ಇನ್ಸುಲಿನ್, ಕಬ್ಬಿಣದ ಮಾತ್ರೆ ಯಾವುದನ್ನೂ ಬಿಡಬೇಡಿ. ಆದರೆ ನೀವೇ ತೀರ್ಮಾನ ಮಾಡಿ ಯಾವುದನ್ನೂ ನಿಲ್ಲಿಸಬೇಡಿ. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು ಸುಮ್ನೆ ಮಾತ್ರೆ ಬಿಟ್ಟರೆ ಅದೇ ದೊಡ್ಡ ಅಪಾಯ. ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ಕರುಳು ಕ್ಲೀನ್ ಮಾಡಲು ಗುದದ್ವಾರದಿಂದ ಒಳಗೆ ಬಿಡುವ ಔಷಧಕ್ಕೆ ಎನಿಮಾ ಅನ್ನುತ್ತಾರೆ. ಅದರಲ್ಲಿ ಫಾಸ್ಫೇಟ್ ಎನಿಮಾ ಅಂಥವರಿಗೆ ಆಗಿಬರುವುದಿಲ್ಲ, ಬೇರೆ ದಾರಿ ನೋಡುತ್ತಾರೆ.

ಎನಿಮಾ

ಎಲ್ಲಾ ನಿಂತಿರುವುದು ಇದರ ಮೇಲೆ. ಕರುಳು ಕ್ಲೀನ್ ಇಲ್ಲದಿದ್ದರೆ ಕ್ಯಾಮೆರಾಕ್ಕೆ ಕಾಣುವುದು ಮಲ ಮಾತ್ರ, ಮತ್ತೊಂದು ದಿನ ಬನ್ನಿ ಎನ್ನುತ್ತಾರೆ. ಹಿಂದಿನ ದಿನ ಏನು ತಿನ್ನಬೇಕು ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನನಗೆ ಅನ್ನ, ತಿಳಿ ಸಾರು, ಮಜ್ಜಿಗೆ ಸಾಕು, ಸೊಪ್ಪು, ರಾಗಿ, ಸೀಬೆಹಣ್ಣು ಬೇಡ ಅಂದಿದ್ದರು.

ಕೆಲವು ಕಡೆ ನರ್ಸ್ ಎನಿಮಾ ಕೊಡುತ್ತಾರೆ. ಕೆಲವು ಕಡೆ ಪ್ಲಾಸ್ಟಿಕ್ ಬಾಟಲಿ ಕೈಗಿಟ್ಟು ಮನೆಗೆ ಕಳಿಸುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ತಣ್ಣಗಿದ್ದರೆ ಹೊಟ್ಟೆ ಜಾಸ್ತಿ ಹಿಂಡುತ್ತದೆ. ಬಚ್ಚಲ ಹತ್ತಿರವೇ ಹಳೇ ಟವೆಲ್ ಹಾಸಿ ಎಡಮಗ್ಗುಲಲ್ಲಿ ಮಲಗಿ, ಮಂಡಿ ಎದೆ ಕಡೆ ಮಡಚಿ. ಬಾಟಲಿ ಮೂತಿಯ ಮುಚ್ಚಳ ತೆಗೆದು, ಮೂತಿಗೆ ಜೆಲ್ ಸವರಿ, ಮೆಲ್ಲಗೆ ಗುದದ್ವಾರದೊಳಗಿಟ್ಟು ಬಾಟಲಿ ಹಿಂಡಿ. ಹಿಂಡಿದ ಕೈಯನ್ನು ಸಡಿಲ ಬಿಡದೆ ಹಾಗೇ ಹೊರಗೆ ತೆಗೆಯಿರಿ, ಇಲ್ಲವಾದರೆ ಔಷಧ ವಾಪಸ್ ಬಾಟಲಿಗೇ ಬರುತ್ತದೆ. ಒಂದೇ ನಿಮಿಷದಲ್ಲಿ 'ಬಂತು' ಅನಿಸುತ್ತದೆ. ಓಡಬೇಡಿ. ಸುಮಾರು ಐದು ನಿಮಿಷ ತಡೆದುಕೊಳ್ಳಿ. ನಾನು ಗೋಡೆ ಗಡಿಯಾರ ನೋಡುತ್ತಾ ಮಲಗಿದ್ದೆ. ಅದರ ಮುಳ್ಳು ಅವತ್ತು ಹೋದಷ್ಟು ನಿಧಾನ ಇನ್ಯಾವತ್ತೂ ಹೋಗಿಲ್ಲ.

ಟೇಬಲ್ ಮೇಲೆ

ಹಿಂದೆ ತೆರೆದಿರುವ ಗೌನ್ ಕೊಡುತ್ತಾರೆ. ನಾಚಿಕೆ ಆಗುತ್ತದೆ, ಯಾರಿಗಾಗಲ್ಲ ಹೇಳಿ? ಮೇಲೆ ಹೊದೆಯಲು ಬಟ್ಟೆ ಕೇಳಬಹುದು. ಹೆಂಗಸರು ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳಬಹುದು. ಅಲ್ಲಿರುವವರಿಗೆ ಇದು ದಿನದ ಕೆಲಸ.

ಮತ್ತೆ ಎಡಮಗ್ಗುಲು. ಡಾಕ್ಟರು ಮೊದಲು ಬೆರಳಿನಿಂದ ಪರೀಕ್ಷೆ ಮಾಡಿ ಆಮೇಲೆ ನಳಿಗೆ ಹಾಕುತ್ತಾರೆ. ಒಳಗೆ ಕಾಣಿಸಲೆಂದು ಗಾಳಿ ತುಂಬುತ್ತಾರೆ. ಹೊಟ್ಟೆ ಉಬ್ಬರಿಸುವುದು, ಮೋಷನ್ ಬಂದೇಬಿಟ್ಟಿತು ಅನಿಸುವುದು ಆ ಗಾಳಿಯಿಂದ. ಅಷ್ಟರಲ್ಲಿ ಹೂಸು ಬಂದರೆ ಬಿಟ್ಟುಬಿಡಿ, ಹಿಡಿದುಕೊಂಡರೇ ನೋವು. ಕರುಳು ಎಸ್ ಅಕ್ಷರದ ಹಾಗೆ ತಿರುಗುವ ಜಾಗದಲ್ಲಿ ಸ್ವಲ್ಪ ಹಿಂಡುತ್ತದೆ. ಬಾಯಿಂದ ನಿಧಾನ ಉಸಿರು ಬಿಡಿ. ನೋವು ಜಾಸ್ತಿಯಾದರೆ ಹೇಳಿ, ನಿಲ್ಲಿಸುತ್ತಾರೆ.

ಸ್ಕ್ರೀನ್ ಕಡೆ ನೋಡುವ ಧೈರ್ಯ ಇದ್ದರೆ ನೋಡಿ. ಆರೋಗ್ಯವಾಗಿರುವ ಕರುಳು ತೇವ ತೇವ ಗುಲಾಬಿ ಬಣ್ಣ, ಅದರ ಮೇಲೆ ಅರಳಿ ಎಲೆಯ ನರಗಳಂತೆ ಸಣ್ಣ ರಕ್ತನಾಳಗಳು. ನನ್ನದರಲ್ಲಿ ಕೊನೆಯ ಗೇಣುದ್ದ ಜಾಗ ಆ ನರಗಳೇ ಕಾಣದೆ ಕೆಂಪಗೆ ಊದಿತ್ತು. ಅಲ್ಲಿಂದ ಚೂರು ಕಿತ್ತುಕೊಂಡರು, ಅದೇ ಬಯಾಪ್ಸಿ. ಗೊತ್ತೇ ಆಗಲಿಲ್ಲ. ಪಾಲಿಪ್ ಸಿಕ್ಕಿದರೆ ಕರುಳು ಪೂರ್ತಿ ನೋಡಲು ಕೊಲೊನೋಸ್ಕೋಪಿಗೆ ಕರೆಯಬಹುದು.

ಒಟ್ಟು ಹತ್ತರಿಂದ ಇಪ್ಪತ್ತು ನಿಮಿಷ. ಸಾಮಾನ್ಯವಾಗಿ ಮಂಪರು ಇಂಜೆಕ್ಷನ್ ಬೇಕಾಗುವುದಿಲ್ಲ. ತೆಗೆದುಕೊಂಡರೆ ಮಾತ್ರ ಜೊತೆಗೊಬ್ಬರು ಇರಲೇಬೇಕು, ಅವತ್ತು ಸ್ಕೂಟರ್ ಮುಟ್ಟಬೇಡಿ.

ಮನೆಗೆ ಬಂದ ಮೇಲೆ

ಒಂದೆರಡು ಗಂಟೆ ಗ್ಯಾಸ್ ಕಾಟ. ಓಡಾಡಿದರೆ ಹೋಗುತ್ತದೆ. ಡಾಕ್ಟರು ಬೇಡ ಅನ್ನದಿದ್ದರೆ ಮಾಮೂಲಿ ಊಟ ಮಾಡಬಹುದು. ಬಯಾಪ್ಸಿ ಆಗಿದ್ದರೆ ಒಂದೆರಡು ದಿನ ಚೂರು ರಕ್ತ ಕಾಣಬಹುದು. ಆದರೆ ಹೊಟ್ಟೆನೋವು ಏರುತ್ತಲೇ ಇದ್ದರೆ, ಹೊಟ್ಟೆ ಕಲ್ಲಿನಂತಾದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ, ತಲೆ ಸುತ್ತಿದರೆ ಬೆಳಿಗ್ಗೆವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಕರುಳಿಗೆ ತೂತು ಬೀಳುವುದು ತೀರಾ ಅಪರೂಪ, ಬಿದ್ದರೆ ತಡ ಮಾಡುವಂತಿಲ್ಲ.

ನನ್ನ ಬಯಾಪ್ಸಿ ರಿಪೋರ್ಟ್ ಒಂದು ವಾರಕ್ಕೆ ಬಂತು. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ. ಮಾತ್ರೆ ನಡೆಯುತ್ತಿದೆ, ರಕ್ತ ನಿಂತಿದೆ. ಸುವರ್ಣಗೆಡ್ಡೆ ಪಲ್ಯ ಮನೆಯಲ್ಲಿ ಈಗಲೂ ಮಾಡುತ್ತೇವೆ, ರುಚಿಗೆ.