ಮಾಳಿಗೆ ಮೇಲಿನ ಗಾಳಿ ಸೆನ್ಸರ್: ರವದಿ ಹೊಗೆ ಸಿಕ್ಕಿತು, ಟ್ರ್ಯಾಕ್ಟರ್ ಧೂಳು ಸಿಗಲಿಲ್ಲ

ಕಬ್ಬಿನ ಹಂಗಾಮು ಶುರುವಾದರೆ ಮುಧೋಳದಲ್ಲಿ ಎರಡು ದೂರು ಇದ್ದದ್ದೇ. ಬೆಳಗ್ಗೆ ರವದಿ (ಕಟಾವಿನ ನಂತರ ಹೊಲದಲ್ಲಿ ಉಳಿಯುವ ಒಣ ಕಬ್ಬಿನ ಗರಿ) ಸುಟ್ಟ ಹೊಗೆ, ಹಗಲೆಲ್ಲಾ ಟ್ರ್ಯಾಕ್ಟರ್ ಎಬ್ಬಿಸುವ ಧೂಳು. ಬರೀ ಬೈದುಕೊಂಡು ಕೂರೋ ಬದಲು ಅಳೆದೇ ನೋಡೋಣ ಅಂತ ನಾನೂ ಓಣಿಯ ಕೆಲವು ಹುಡುಗರೂ ಸೇರಿ ಸೆನ್ಸರ್ ಕಟ್ಟಿದೆವು. ನನ್ನದು ಮೊಬೈಲ್ ರಿಪೇರಿ ಅಂಗಡಿ. ಸೋಲ್ಡರಿಂಗ್ ಸಾಮಾನು ಹೇಗೂ ಇತ್ತು.

ವಿನ್ಯಾಸ ನಮ್ಮದಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 2015ರಲ್ಲಿ ಕೆಲವರು ಲುಫ್ಟ್‌ಡಾಟೆನ್ ಅಂತ ಶುರು ಮಾಡಿದ್ದು, ಈಗ ಅದರ ಹೆಸರು ಸೆನ್ಸರ್ ಕಮ್ಯುನಿಟಿ. ಸಾಫ್ಟ್‌ವೇರ್ ಪುಕ್ಕಟೆ. ಎಸ್‌ಡಿಎಸ್011 ಅನ್ನೋ ಧೂಳಿನ ಸೆನ್ಸರ್, ವೈಫೈಗೆ ನೋಡ್‌ಎಂಸಿಯು ಬೋರ್ಡ್, ತೇವಾಂಶಕ್ಕೆ ಬಿಎಂಇ280, ಒಂದು ಹಳೇ ಮೊಬೈಲ್ ಚಾರ್ಜರ್. ಡಬ್ಬಿ ಬೇಕಿಲ್ಲ. ಎರಡು ಪಿವಿಸಿ ಪೈಪಿನ ಬೆಂಡು ಜೋಡಿಸಿ, ಬಾಯಿ ಕೆಳಗೆ ಮಾಡಿ ತೂಗುಹಾಕಿದರೆ ಮಳೆ ಒಳಗೆ ಬರುವುದಿಲ್ಲ. ಅಡುಗೆಮನೆ ಕಿಟಕಿ ಹತ್ತಿರ ಮಾತ್ರ ಬೇಡ. ಒಗ್ಗರಣೆ ಹಾಕಿದ ಕೂಡಲೇ ಗ್ರಾಫ್ ಜಿಗಿಯುತ್ತದೆ.

ಸೆನ್ಸರ್ ಒಳಗೆ ಒಂದು ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ. ಆ ಚದುರಿದ ಬೆಳಕನ್ನು ನೋಡಿ ಕಣಗಳ ತೂಕವನ್ನು ಅಂದಾಜು ಮಾಡುತ್ತದೆ. ಅಂದಾಜು ಅಷ್ಟೇ, ತೂಗುವುದಿಲ್ಲ. ಲೇಸರ್ ಆಯಸ್ಸು ಸುಮಾರು 8000 ಗಂಟೆ ಅನ್ನುತ್ತಾರೆ. ವರ್ಷಕ್ಕೆ 8760 ಗಂಟೆ ಅಲ್ವಾ? ಸುಮ್ನೆ ಓಡಿಸುತ್ತಾ ಇದ್ದರೆ ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಅದಕ್ಕೇ ಸಾಫ್ಟ್‌ವೇರ್ ಅದನ್ನು ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ ಎಬ್ಬಿಸಿ, ಕೆಲವು ಸೆಕೆಂಡ್ ಓಡಿಸಿ, ಮತ್ತೆ ಮಲಗಿಸುತ್ತದೆ.

ಬೆಂಡಿನ ಬಾಯಿಗೆ ಸೊಳ್ಳೆ ಜಾಳಿಗೆ ಕಟ್ಟಲೇಬೇಕು. ನಮ್ಮ ಒಂದು ಸೆನ್ಸರ್ ಒಮ್ಮೆ ರಾತ್ರಿ ಹಗಲು 999.9 ತೋರಿಸುತ್ತಾ ನಿಂತುಬಿಟ್ಟಿತು. ಅದು ತೋರಿಸಬಲ್ಲ ಗರಿಷ್ಠ ಅಂಕಿ ಅದೇ. ಬಿಚ್ಚಿ ನೋಡಿದರೆ ಸಾಸಿವೆ ಕಾಳಿನಷ್ಟು ಜೇಡ ಲೇಸರ್ ದಾರಿಯಲ್ಲೇ ನೂಲು ಕಟ್ಟಿ ಕೂತಿತ್ತು. ಅಂಗಡಿಯ ಬ್ಲೋವರ್‌ನಿಂದ ಊದಿದೆ, ಸರಿಹೋಯಿತು.

ಓಣಿಗಳಿಗೆ ಹಂಚುವ ಮೊದಲು ಎಲ್ಲವನ್ನೂ ನಮ್ಮ ಮಾಳಿಗೆ ಮೇಲೆ ಒಂದೇ ಸಾಲಿನಲ್ಲಿ ತೂಗುಹಾಕಿದ್ದೆವು. ಒಂದೇ ಗಾಳಿಗೆ ಬೇರೆ ಬೇರೆ ಅಂಕಿ ಬಂತು. ಯಾವುದು ಎಷ್ಟು ಜಾಸ್ತಿ ಹೇಳುತ್ತದೆ ಅನ್ನೋದನ್ನು ಬರೆದಿಟ್ಟುಕೊಂಡೆವು. ಆಮೇಲೆ ಒಂದನ್ನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಗೆಳೆಯನ ಮನೆಗೆ ಒಯ್ದೆವು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಅಲ್ಲೇ ಇದೆ, ಅದರ ಅಂಕಿ ಎಲ್ಲರಿಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎರಡೂ ಗ್ರಾಫ್ ಏರುವುದು, ಇಳಿಯುವುದು ಹೆಚ್ಚುಕಡಿಮೆ ಒಟ್ಟಿಗೇ. ಅಂಕಿ ಮಾತ್ರ ಬೇರೆ. ಮಂಜು ಕವಿದ ಬೆಳಗಂತೂ ನಮ್ಮದು ಸಿಕ್ಕಾಪಟ್ಟೆ ಮೇಲೆ. ತೇವಾಂಶ 70–80 ಶೇಕಡಾ ದಾಟಿದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಸೆನ್ಸರ್ ಅದನ್ನೂ ಧೂಳು ಅಂತಲೇ ಎಣಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಗಾಳಿಯನ್ನು ಬಿಸಿ ಮಾಡಿ ಒಣಗಿಸುವ ಏರ್ಪಾಡು ಇರುತ್ತದೆ, ನಮ್ಮದರಲ್ಲಿ ಇಲ್ಲ. ಹಾಗಾಗಿ ಘಟಪ್ರಭಾ ದಂಡೆಯ ಮಂಜಿನ ಗಂಟೆಗಳನ್ನು ಲೆಕ್ಕದಿಂದ ಬಿಟ್ಟೆವು.

ಇಷ್ಟು ಜರಡಿ ಹಿಡಿದ ಮೇಲೆ ಉಳಿದದ್ದು ಗಟ್ಟಿ ಅಂತ ನನ್ನ ಅನಿಸಿಕೆ. ಸಂಜೆ ಸುಟ್ಟ ರವದಿಯ ಹೊಗೆ ರಾತ್ರಿಯೆಲ್ಲಾ ಊರ ಮೇಲೇ ಕೂರುತ್ತದೆ. ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳುವುದೇ ಇಲ್ಲ. ಬಿಸಿಲೇರಿದ ಮೇಲೆ ಗ್ರಾಫ್ ಇಳಿಯುತ್ತದೆ. ಅಂದರೆ ಹಿರಿಯರು ವಾಕಿಂಗ್ ಹೋಗುವ ಹೊತ್ತೇ ಕೆಟ್ಟ ಹೊತ್ತು.

ಗ್ರಾಫನ್ನು ಹೊಲದ ಕಾಕಾನಿಗೆ ತೋರಿಸಿದೆ. “ರವದಿ ಸುಡಲಾರದ ಏನ್ ಮಾಡೂದೋ ತಮ್ಮಾ? ಕುಳೆ ಏಳಬೇಕಲ್ಲ” ಅಂದರು. ಕುಳೆ ಅಂದರೆ ಕೊಯ್ದ ಬುಡದಿಂದ ಮತ್ತೆ ಚಿಗುರುವ ಕಬ್ಬು. ಅವರ ಮಾತೂ ನಿಜ. ರವದಿ ಪುಡಿ ಮಾಡುವ ಯಂತ್ರದ ಬಾಡಿಗೆ ಯಾರು ಕೊಡಬೇಕು? ಯಾರ ಹೊಲದ ಹೊಗೆ ಅಂತ ಸೆನ್ಸರ್ ಹೇಳುವುದೂ ಇಲ್ಲ. ಹಾಗಾಗಿ ಗ್ರೂಪ್‌ನಲ್ಲಿ ಹೆಸರು ಹಾಕಬಾರದು ಅಂತ ಹುಡುಗರಿಗೆ ಖಡಕ್ಕಾಗಿ ಹೇಳಿದ್ದೇನೆ.

“ಎಕ್ಯೂಐ ಎಷ್ಟೈತ್ರಿ?” ಅಂತ ಅಂಗಡಿಗೆ ಬಂದವರೆಲ್ಲಾ ಕೇಳುತ್ತಾರೆ. ಗಾಳಿ ಎಷ್ಟು ಕೆಟ್ಟಿದೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕ ಅದು. ನಾನು ಹೇಳುವುದಿಲ್ಲ. ನಮ್ಮ ದೇಶದ ಲೆಕ್ಕದಲ್ಲಿ ಅದಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಬೇಕು, ನಮ್ಮ ಹತ್ತಿರ ಇರುವುದು ಧೂಳಿನದ್ದು ಮಾತ್ರ. ಪಿಎಂ 2.5ರ, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳ, ಮಿತಿ ದಿನದ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ. ಅದನ್ನು ಬೆಳಗಿನ ಒಂದು ಗಂಟೆಯ ಅಂಕಿಗೆ ಹೋಲಿಸಿ ಹೆದರಿಸುವುದೂ ಸರಿಯಲ್ಲ.

ಇನ್ನು ಟ್ರ್ಯಾಕ್ಟರ್ ಧೂಳು. ಎರಡು ಟ್ರೇಲರ್ ಎಳೆದುಕೊಂಡು ಮುಂದೆಯೇ ಹೋಗಲಿ, ಕಣ್ಣಿಗೆ ಮಣ್ಣು ಬೀಳಲಿ, ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳ) ಗೆರೆ ಅಷ್ಟೇನೂ ಅಲ್ಲಾಡುವುದಿಲ್ಲ. ದಪ್ಪ ಕಣಗಳನ್ನು ಎಣಿಸುವುದರಲ್ಲಿ ಈ ಅಗ್ಗದ ಸೆನ್ಸರ್‌ಗಳು ಬಲು ಸಪ್ಪೆ. “ಧೂಳೇ ಇಲ್ಲ, ಸೆನ್ಸರ್ ಹೇಳತೈತಿ” ಅಂತ ಯಾರಾದರೂ ವಾದ ಮಾಡಿದರೆ ನಂಬಬೇಡಿ. ಇದಕ್ಕೆ ಹಳೇ ಪದ್ಧತಿಯೇ ವಾಸಿ: ಅಗಲ ಬಾಯಿಯ ಜಾಡಿಯನ್ನು ತಿಂಗಳು ಬಯಲಲ್ಲಿಟ್ಟು, ಬಿದ್ದ ಧೂಳನ್ನು ಒಣಗಿಸಿ ತೂಗುವುದು. ಜಾಡಿ ಸಿಕ್ಕಿವೆ. ತೂಗಲು ಕಾಲೇಜಿನ ಪ್ರಯೋಗಾಲಯದ ತಕ್ಕಡಿ ಕೇಳಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಬನ್ನಿ ಅಂದಿದ್ದಾರೆ.