ಗಿಡ ತರುವ ಮುನ್ನ ಬುಡ ನೋಡಿ

ಎದುರು ಮನೆಯ ಸೊಸೆ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಮೈಸೂರಿಗೆ ಮರಳುವಾಗ ದಾರಿಯ ನರ್ಸರಿಯೊಂದರಲ್ಲಿ ಇಳಿದು ಕಾರಿನ ಡಿಕ್ಕಿ ತುಂಬ ಗಿಡ ತಂದಿದ್ದಳು. ಐದು ಗುಲಾಬಿ, ಆರು ಪೆಟೂನಿಯ, ಒಂದು ಹೈಡ್ರಾಂಜಿಯ. ಎಲ್ಲದರ ಮೈತುಂಬ ಹೂವು. ಯುಗಾದಿಗೆ ನಮ್ಮ ಹಿತ್ತಲ ಮಾವಿನೆಲೆ ಕೇಳಲು ಬಂದಾಗ ಅವಳ ಮುಖ ಸಪ್ಪಗಿತ್ತು. "ಒಂದೂ ಉಳಿಯಲಿಲ್ಲ ಅಜ್ಜಿ. ನನ್ನ ಕೈಗುಣವೇ ಸರಿಯಿಲ್ಲ" ಎಂದಳು.

ಆ ಮಾತು ಕೇಳಿ ನನಗೆ ಸಂಕಟವಾಯಿತು. ನಲವತ್ತು ವರ್ಷದಿಂದ ಗಿಡಗಳ ಜೊತೆ ಇದ್ದೇನೆ. ಕೈಗುಣದಿಂದ ಗಿಡ ಸತ್ತದ್ದನ್ನು ನಾನು ಕಂಡಿಲ್ಲ. ಬಹಳಷ್ಟು ಗಿಡಗಳು ಕೊಳ್ಳುವ ದಿನವೇ ಸೋತಿರುತ್ತವೆ, ನಮಗೆ ತಿಳಿಯುವುದು ತಿಂಗಳ ಮೇಲೆ. ಪೆಟೂನಿಯ ಚಳಿಗಾಲದ ಗಿಡ. ಒಂದು ಋತು ಹೂ ಬಿಟ್ಟು ಬೇಸಿಗೆ ಬರುತ್ತಲೇ ಮುಗಿದುಹೋಗುವುದು ಅದರ ಆಯುಷ್ಯ. ಹೈಡ್ರಾಂಜಿಯಕ್ಕೆ ತಂಪು, ತೇವ, ಅರೆನೆರಳು ಬೇಕು. ಅವಳು ಅದನ್ನು ತಾರಸಿಯ ಮೇಲೆ ಇಟ್ಟಿದ್ದಳು. ಗುಲಾಬಿಯ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಕೊಳ್ಳುವಾಗ ಇದನ್ನೆಲ್ಲ ಅವಳಿಗೆ ಯಾರೂ ಹೇಳಲಿಲ್ಲ, ಅವಳಿಗೆ ಕೇಳಬೇಕೆಂದೂ ತೋಚಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನರ್ಸರಿಗೆ ಹೋಗುವ ಮೊದಲು ನಿಮ್ಮ ಅಂಗಳದ ಬಿಸಿಲನ್ನು ಅಳೆಯಿರಿ. ರಜೆಯ ದಿನ ಬೆಳಿಗ್ಗೆ ಎಂಟಕ್ಕೊಮ್ಮೆ, ನಡು ಮಧ್ಯಾಹ್ನಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಹೊರಗೆ ಬಂದು ಎಲ್ಲೆಲ್ಲಿ ಬಿಸಿಲು ಬಿದ್ದಿದೆ ಎಂದು ಗುರುತು ಹಾಕಿಕೊಳ್ಳಿ. ಇದರಲ್ಲೊಂದು ಸೂಕ್ಷ್ಮವಿದೆ. ಮೇ, ಜೂನ್ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ. ಆಗ ಮನೆಯ ಉತ್ತರ ಗೋಡೆಯ ಪಾತಿಗೂ ಬಿಸಿಲು ಬೀಳುತ್ತದೆ. ದಸರಾ ಕಳೆಯುವ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಅದೇ ಪಾತಿ ಸಂಕ್ರಾಂತಿಯ ನಂತರವೂ ಗೋಡೆಯ ನೆರಳಿನಲ್ಲೇ ಇರುತ್ತದೆ. ಬೇಸಿಗೆಯ ಬಿಸಿಲನ್ನು ನಂಬಿ ನಾನು ಉತ್ತರಕ್ಕೆ ಸೇವಂತಿಗೆ ಹಾಕಿದ್ದೆ. ಹೂ ಬಿಡುವ ಕಾಲಕ್ಕೇ ಅದು ನೆರಳಿಗೆ ಸಿಕ್ಕಿ ಸೊರಗಿತು. ಈಗ ಆ ಜಾಗದಲ್ಲಿ ಜರಿಗಿಡ, ಕೆಸು, ದೊಡ್ಡಪತ್ರೆ ಇವೆ, ಸುಖವಾಗಿವೆ. ಗುಲಾಬಿ, ದುಂಡು ಮಲ್ಲಿಗೆ, ದಾಸವಾಳ, ಟೊಮೆಟೊ, ನಿಂಬೆ, ಇವಕ್ಕೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಅಷ್ಟು ಬಿಸಿಲಿಲ್ಲದ ಮನೆಯವರು ಎಷ್ಟು ಗೊಬ್ಬರ ಹಾಕಿದರೂ ಹೂವಿನ ಬದಲು ಎಲೆ ಕಾಣುತ್ತಾರೆ.

ಬಿಸಿಲು ತಿಳಿದ ಮೇಲೆ ನಿಮ್ಮ ಬೀದಿಯಲ್ಲೊಂದು ಸುತ್ತು ಹಾಕಿ. ಯಾರ ಮನೆಯಲ್ಲಿ ಯಾವ ಗಿಡ ತಾನಾಗಿ ನಗುತ್ತಿದೆಯೋ ಅದು ನಿಮ್ಮ ಮಣ್ಣಿಗೆ, ನೀರಿಗೆ ಒಗ್ಗುವ ಗಿಡ. ಬೋರ್‌ವೆಲ್ಲಿನ ಗಡಸು ನೀರಿರುವ ಬಡಾವಣೆಯಲ್ಲಿ ಕೆಲವು ಗಿಡಗಳ ಚಿಗುರೆಲೆ ಹಳದಿ ತಿರುಗುವುದನ್ನು ನೀವೇ ನೋಡುತ್ತೀರಿ. ಬಾಗಿಲು ತಟ್ಟಿ ಕೇಳಿದರೆ ಗಿಡ ಸಾಕುವವರು ಒಂದು ಕಡ್ಡಿ ಕೊಡದೆ ಕಳುಹಿಸುವುದಿಲ್ಲ. ದಾಸವಾಳ, ಕಣಗಿಲೆ, ನಂದಿಬಟ್ಟಲು, ಕಾಕಡ, ಕ್ರೋಟನ್, ಇವೆಲ್ಲ ಕಡ್ಡಿಯಿಂದ ಬರುವಂಥವು. ಮಳೆಗಾಲದಲ್ಲಿ ಇವಕ್ಕೆ ದುಡ್ಡು ಕೊಡಬೇಕಾಗಿಲ್ಲ. ನನ್ನ ತವರು ಸಾಗರದ ಕಡೆ. ಅಲ್ಲಿ ಹೆಂಗಸರು ನೆಂಟರ ಮನೆಗೆ ಹೊರಟರೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೆಲ್ಲು, ಪೇಪರಿನಲ್ಲಿ ಕಟ್ಟಿದ ಡೇರೆ (ಡೇಲಿಯ) ಗಡ್ಡೆ ಜೊತೆಗಿಲ್ಲದೆ ಬರುತ್ತಿರಲಿಲ್ಲ. ನನ್ನ ಅಮ್ಮನ ಅಂಗಳದಲ್ಲಿದ್ದ ಪ್ರತಿ ಡೇರೆಗೂ ಅದು ಬಂದ ಮನೆಯ ಹೆಸರೇ ಇತ್ತು. (ಕಣಗಿಲೆಯ ಎಲ್ಲ ಭಾಗವೂ ವಿಷ, ಅಲಂಕಾರಕ್ಕೆ ಇಡುವ ಅಗಲ ಎಲೆಯ ಡಿಫೆನ್‌ಬೇಕಿಯದ ರಸ ಬಾಯಿಗೆ ತಾಗಿದರೆ ನಾಲಿಗೆ ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಎರಡೂ ಬೇಡ.)

ಕೊಳ್ಳುವುದಕ್ಕೆ ಕಾಲವೂ ಮುಖ್ಯ. ಮಾವು, ಸಪೋಟ, ಸೀಬೆ, ನಿಂಬೆ, ಸಂಪಿಗೆಯಂಥ ವರ್ಷಾನುಗಟ್ಟಲೆ ಬಾಳುವ ಗಿಡಗಳನ್ನು ಮೃಗಶಿರಾ ಮಳೆ ಹಿಡಿದ ಮೇಲೆ ತನ್ನಿ, ಆರಿದ್ರಾ ಮುಗಿಯುವುದರೊಳಗೆ ನೆಲಕ್ಕೆ ಇಳಿಸಿ. ಜೂನ್, ಜುಲೈಯಲ್ಲಿ ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲೂ ಕಸಿ ಸಸಿಗಳು ಸಿಗುತ್ತವೆ. ಹಣ್ಣಿನ ಗಿಡಕ್ಕೆ ನಾನು ಮೊದಲು ವಿಚಾರಿಸುವುದು ಅಲ್ಲಿಯೇ, ಏಕೆಂದರೆ ತಳಿಯ ಹೆಸರಿಗೆ ಅಲ್ಲೊಂದು ಹೊಣೆಗಾರಿಕೆ ಇದೆ. ಗುಲಾಬಿಯನ್ನು ಮಳೆ ಕಡಿಮೆಯಾಗಿ ಚಳಿ ಶುರುವಾಗುವ ಹೊತ್ತಿಗೆ ತರುವುದು ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಏನನ್ನೂ ತರಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಇನ್ನು ನರ್ಸರಿಯ ಒಳಗೆ. ಬಾಗಿಲಲ್ಲೇ ಅರಳಿ ನಿಂತ ಸಾಲನ್ನು ದಾಟಿ ಹಿಂದಕ್ಕೆ ಹೋಗಿ. ಒಂದೇ ಬಗೆಯ ಐದು ಗಿಡಗಳಿದ್ದರೆ ಹೆಚ್ಚು ಹೂವಿರುವುದನ್ನು ಬಿಟ್ಟು, ಹೊಸ ಚಿಗುರು, ಬಿಗಿ ಮೊಗ್ಗು, ದಪ್ಪ ಕಾಂಡ ಇರುವ ಗಿಡ್ಡ ಗಿಡವನ್ನು ಆರಿಸಿ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ, ಅದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಅರಳಿದ ಗಿಡ ತನ್ನ ಶಕ್ತಿಯನ್ನೆಲ್ಲ ಹೂವಿಗೆ ಕೊಟ್ಟಿರುತ್ತದೆ, ಜಾಗ ಬದಲಾಯಿಸಿದಾಗ ಬೇರು ಬಿಡಲು ಅದಕ್ಕೆ ತ್ರಾಣವಿರುವುದಿಲ್ಲ. ಬಣ್ಣ ಖಚಿತವಾಗಬೇಕೆಂದರೆ ಒಂದು ಹೂವು ಸಾಕು. ತೆಂಗಿನ ಸಸಿಯಲ್ಲೂ ಇದೇ ನಿಯಮ: ಉದ್ದ ನೋಡಬೇಡಿ, ಬುಡದ ದಪ್ಪ ನೋಡಿ, ಎಲೆ ಬೇಗ ಸೀಳಿ ಗರಿಯಾಗುತ್ತಿದೆಯೇ ನೋಡಿ.

ಆಮೇಲೆ ಎಲೆಯನ್ನು ಮಗುಚಿ. ಮೇಲಿನಿಂದ ಎಲ್ಲ ಗಿಡವೂ ಚೆಂದ. ರೋಗ ಇರುವುದು ಎಲೆಯ ಬೆನ್ನಿನಲ್ಲಿ ಮತ್ತು ತೊಟ್ಟು ಕಾಂಡಕ್ಕೆ ಸೇರುವ ಸಂದಿನಲ್ಲಿ. ಹತ್ತಿಯ ಚೂರಿನಂತೆ ಅಂಟಿದ್ದರೆ ಹಿಟ್ಟು ತಿಗಣೆ. ಅಲುಗಾಡಿಸಿದಾಗ ಬಿಳಿ ಪುಡಿ ಹಾರಿದಂತೆ ಕಂಡರೆ ಬಿಳಿ ನೊಣ. ಎಲೆ ಜಿಡ್ಡು ಜಿಡ್ಡಾಗಿ ಇರುವೆ ಸಾಲು ಹತ್ತುತ್ತಿದ್ದರೆ ಎಲ್ಲೋ ಗಿಡಹೇನೋ ಅಂಥದೇ ರಸ ಹೀರುವ ಹುಳುವೋ ಇದೆ ಎಂದೇ ಅರ್ಥ. ದಾಸವಾಳಕ್ಕೆ ಈ ಪರೀಕ್ಷೆ ಮಾಡದೆ ತರಲೇಬೇಡಿ. ಒಂದು ದಾಸವಾಳದಿಂದ ಬಂದ ಹಿಟ್ಟು ತಿಗಣೆ ನನ್ನ ಸೀತಾಫಲ, ಸೀಬೆ, ಕರಿಬೇವಿನವರೆಗೂ ಹರಡಿದ ವರ್ಷ ಬೇವಿನ ಎಣ್ಣೆ, ಸೋಪಿನ ನೀರು ಸಿಂಪಡಿಸಿ ಸಿಂಪಡಿಸಿ ನನ್ನ ಭುಜ ಬಿದ್ದುಹೋಗಿತ್ತು.

ಮೂಗನ್ನೂ ಬಳಸಿ. ಕರಿಬೇವು, ತುಳಸಿ, ಮರುಗ, ಇವುಗಳ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡದೆ ಕೊಳ್ಳಬಾರದು. ಹುಲುಸಾಗಿ ಬೆಳೆದು ಒಗ್ಗರಣೆಗೆ ಬಿದ್ದಾಗ ಘಮ್ಮೆನ್ನದ ಕರಿಬೇವನ್ನು ಇಟ್ಟುಕೊಂಡು ಮಾಡುವುದೇನು?

ಈಗ ಬೇರು. ಕವರಿನ ತಳದಿಂದ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ, ಎತ್ತುವಾಗ ಲಟಕ್ಕೆಂದು ಶಬ್ದವಾಗುತ್ತದೆ. ತುಂಡಾದದ್ದು ತಾಯಿ ಬೇರು. ಆ ಗಿಡ ಬೇಡ, ಸಲೀಸಾಗಿ ಎದ್ದು ಬಂದದ್ದನ್ನು ಕೇಳಿ ತೆಗೆದುಕೊಳ್ಳಿ. ಕುಂಡದಲ್ಲಿದ್ದರೆ ತುಸು ಜಾರಿಸಿ ತೋರಿಸಲು ಹೇಳಿ. ಹೆಚ್ಚಿನ ಕೆಲಸದವರು ಪ್ರೀತಿಯಿಂದ ಕೇಳಿದರೆ ತೋರಿಸುತ್ತಾರೆ. ಬಿಳಿಯ ಎಳೆ ಬೇರು ಅಂಚಿನಲ್ಲಿ ಕಂಡರೆ ಗಿಡ ಆರೋಗ್ಯವಾಗಿದೆ. ಸಿಂಬೆಯಂತೆ ಸುತ್ತಿ ಸುತ್ತಿ ಬೇರೇ ತುಂಬಿಕೊಂಡಿದ್ದರೆ ಅದು ಆ ಕುಂಡದಲ್ಲಿ ಕಾಲ ಮೀರಿ ಕೂತಿದೆ. ಕಂದು ತಿರುಗಿ ಕೊಳೆತ ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ.

ಎದುರು ಮನೆಯ ಗುಲಾಬಿ ಸತ್ತದ್ದು ಬೇರಿನಿಂದಲೇ. ಒಣಗಿದ ಗಿಡವನ್ನು ನಾನೇ ಕಿತ್ತು ನೋಡಿದೆ. ಹೊರಗಿನ ಕೆಮ್ಮಣ್ಣು ಚೆನ್ನಾಗಿ ಒದ್ದೆಯಾಗಿತ್ತು. ಹುಡುಗಿ ದಿನಾ ತಪ್ಪದೆ ನೀರು ಹಾಕಿದ್ದಳು. ನಡುವೆ ಮುಷ್ಟಿ ಗಾತ್ರದ ಬೂದು ಬಣ್ಣದ ಉಂಡೆ. ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಒಣ ಪುಡಿ, ಅದರಲ್ಲಿ ದಾರದಂತೆ ಮುರುಟಿದ ಬೇರು. ನಮ್ಮ ಊರಿನ ನರ್ಸರಿಗಳ ಗಿಡಗಳೆಲ್ಲ ಇಲ್ಲೇ ಬೆಳೆದವಲ್ಲ. ಆಂಧ್ರದ ಗೋದಾವರಿ ಸೀಮೆಯ ಕಡಿಯಂ, ಬಂಗಾಳ, ಪುಣೆ, ಹೊಸೂರು ಹೀಗೆ ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬರುತ್ತವೆ. ದೂರದ ಪ್ರಯಾಣದಲ್ಲಿ ಮಣ್ಣು ಉದುರದಿರಲೆಂದು ಬೇರಿಗೆ ಅಂಟು ಜೇಡಿಮಣ್ಣಿನ ಉಂಡೆ ಮೆತ್ತಿರುತ್ತಾರೆ. ಅದನ್ನು ಹಾಗೆಯೇ ನಮ್ಮ ಸಡಿಲ ಮಣ್ಣಿಗೆ ಇಟ್ಟರೆ ನೀರು ಉಂಡೆಯ ಸುತ್ತಲಿಂದ ಇಳಿದುಹೋಗುತ್ತದೆ, ಒಳಕ್ಕೆ ಹೋಗುವುದೇ ಇಲ್ಲ. ಅಂಥ ಗಿಡ ಬಂದರೆ ಬುಡವನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ನೆನೆಸಿ. ಮೆತ್ತಗಾದ ಮೇಲೆ ಹೊರಗಿನ ಜೇಡಿಯನ್ನು ಬೆರಳಿನಿಂದ ನಿಧಾನವಾಗಿ ಬಿಡಿಸಿ, ಬೇರಿಗೆ ಅಂಟಿದ ಕೊನೆಯ ಪದರವನ್ನು ಹಾಗೇ ಬಿಡಿ. ಬಳಿಕ ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ತುಸು ಮರಳು ಬೆರೆಸಿದ ಕುಂಡಕ್ಕೆ ನೆಟ್ಟು ಒಂದು ವಾರ ನೆರಳಿನಲ್ಲಿಡಿ. ತೆಂಗಿನ ನಾರಿನ ಪುಡಿಯಲ್ಲಿ ಬಂದ ಸಸಿಗಳಿಗೆ ಇನ್ನೊಂದು ತೊಂದರೆ: ಬೇರಿನ ಸುತ್ತ ತೆಳು ಬಲೆಯ ಚೀಲವಿರುತ್ತದೆ. ನೆಡುವ ಮೊದಲು ಅದನ್ನು ಕತ್ತರಿಸಿ ತೆಗೆಯಿರಿ.

ಕಸಿ ಗಿಡದಲ್ಲಿ ಜೋಡಿಸಿದ ಗಂಟು ಎಲ್ಲಿದೆ ಎಂದು ಮೊದಲು ಹುಡುಕಿ. ಗಂಟಿನ ಕೆಳಗಿರುವುದು ಕಾಡು ಬೇರು, ಮೇಲಿರುವುದು ನೀವು ದುಡ್ಡು ಕೊಟ್ಟ ತಳಿ. ಗಂಟು ಗಟ್ಟಿಯಾಗಿ ಕೂಡಿರಬೇಕು, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಲ್ಲಾಡಬಾರದು. ಎಲೆಗಳೆಲ್ಲ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಕಸಿ ಸೋತ ಗಿಡ. ಹೀಗೊಂದು ಗುಲಾಬಿ ನನಗೂ ಆಗಿತ್ತು. ಕಡುಗೆಂಪು ಹೂವೆಂದು ತಂದಿದ್ದೆ. ಎರಡನೆಯ ವರ್ಷ ಬುಡದಿಂದ ಚಿಗುರೊಂದು ಎದ್ದು ಆಳೆತ್ತರ ಬೆಳೆಯಿತು, ನಾನು ಹಿಗ್ಗಿದೆ. ಅದರಲ್ಲಿ ಬಂದದ್ದು ಚಿಕ್ಕ ಚಿಕ್ಕ ಪೇಲವ ಹೂವಿನ ಗೊಂಚಲು. ಅಷ್ಟರಲ್ಲಿ ಮೇಲಿನ ಕಸಿ ಒಣಗಿತ್ತು. ಬುಡದ ಚಿಗುರನ್ನು ಕಂಡ ದಿನವೇ ಮುರಿದು ಹಾಕಬೇಕು. ನೆಡುವಾಗ ಗಂಟು ಮಣ್ಣಿನ ಮೇಲೇ ಇರಲಿ, ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಗಂಟು ಕೂಡಿದ ಮೇಲೆ ಬಿಡಿಸಿ, ಇಲ್ಲದಿದ್ದರೆ ಕಾಂಡ ಅಲ್ಲಿಯೇ ಕೊರೆದುಕೊಳ್ಳುತ್ತದೆ.

ಚಿಕ್ಕ ಅಂಗಳದವರು ಮಾವು ಬೇಕೆಂದರೆ ಆಮ್ರಪಾಲಿ ಕೇಳಿ. ದಶೇರಿ ಮತ್ತು ನೀಲಂ ಕೂಡಿಸಿ ಮಾಡಿದ ಗಿಡ್ಡ ತಳಿ ಅದು. ಸಂಪಿಗೆಯನ್ನು ಕಸಿಯದೇ ಕೊಳ್ಳಿ. ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷವಾದರೂ ಕಾಯಬೇಕು, ಕಸಿ ಎರಡು ಮೂರು ವರ್ಷದಲ್ಲಿ ಬಿಡುತ್ತದೆ. ಪಪ್ಪಾಯಿಯಲ್ಲಿ ಹಲವು ತಳಿಗಳಿಗೆ ಗಂಡು, ಹೆಣ್ಣು ಗಿಡ ಬೇರೆ ಬೇರೆ. ಒಂದೇ ಗಿಡ ತಂದು ಅದು ಗಂಡಾದರೆ ವರ್ಷ ವ್ಯರ್ಥ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ತಳಿಗಳಲ್ಲಿ ಬರೀ ಗಂಡು ಗಿಡ ಹುಟ್ಟುವುದಿಲ್ಲ, ಮನೆಯವರಿಗೆ ಅವೇ ಸರಿ. ಮಲ್ಲಿಗೆಯನ್ನು ಬರೀ ಮಲ್ಲಿಗೆ ಎಂದು ಕೇಳಬೇಡಿ. ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರದ ಮಲ್ಲಿಗೆ, ಹೂವಿನಹಡಗಲಿಯ ಮಲ್ಲಿಗೆ, ಮೂರೂ ಊರಿನ ಹೆಸರಿನಿಂದ ಗುರುತಾದವು, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದವು. ಹೆಸರು ಹಿಡಿದು ಕೇಳಿ, ಸಾಧ್ಯವಾದರೆ ಅದೇ ಊರಿನ ಕಡೆಯಿಂದ ತರಿಸಿ. ಆನ್‌ಲೈನ್‌ನಲ್ಲಿ ನೀಲಿ ಗುಲಾಬಿಯ ಬೀಜ ಎಂದು ಮಾರುವುದನ್ನು ನಂಬಬೇಡಿ, ಚಿತ್ರದಲ್ಲಿ ತೋರಿಸುವ ಆ ಕಡುನೀಲಿ ಗುಲಾಬಿ ಬೀಜದಿಂದ ಬರುವಂಥದ್ದಲ್ಲ.

ಮನೆಗೆ ಬಂದ ಗಿಡವನ್ನು ಅಂದೇ ಉಳಿದವುಗಳ ನಡುವೆ ಸೇರಿಸಬೇಡಿ. ಹತ್ತು ಹದಿನೈದು ದಿನ ಬೇರೆಯೇ ಮೂಲೆಯಲ್ಲಿ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವಲ್ಲಿ ಇಡಿ. ಅಡಗಿದ್ದ ಹುಳು ಅಷ್ಟರಲ್ಲಿ ಹೊರಗೆ ಬರುತ್ತದೆ, ನರ್ಸರಿಯ ಹಸಿರು ಬಲೆಯ ನೆರಳಿನಿಂದ ಬಂದ ಗಿಡಕ್ಕೂ ನಿಮ್ಮ ಮನೆಯ ಗಾಳಿ ಅಭ್ಯಾಸವಾಗುತ್ತದೆ. ಒಂದೆರಡು ಎಲೆ ಉದುರಿದರೆ ಗಾಬರಿ ಬೇಡ, ಗೊಬ್ಬರವನ್ನೂ ಹಾಕಬೇಡಿ. ಹೊಸ ಚಿಗುರು ಕಂಡ ಮೇಲೆ ಸಂಜೆ ಹೊತ್ತಿನಲ್ಲಿ ನೆಡಿ. ಗುಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ.

ಎದುರು ಮನೆಯವಳನ್ನು ಈ ಜೂನ್‌ನಲ್ಲಿ ನಾನೇ ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ಸುತ್ತಾಡಿ ಎರಡೇ ಗಿಡ ಕೊಂಡಳು: ಒಂದು ದುಂಡು ಮಲ್ಲಿಗೆ, ಒಂದು ಕಸಿ ನಿಂಬೆ. ಎರಡರಲ್ಲೂ ಹೂವಿರಲಿಲ್ಲ. ಮಲ್ಲಿಗೆಯನ್ನು ಆರಿಸುವಾಗ ಅವಳು ಏಳು ಗಿಡಗಳ ಎಲೆ ಮಗುಚಿದಳು, ನಾನು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದೆ. ನಿನ್ನೆ ಬೆಳಿಗ್ಗೆ ಗೇಟಿನ ಆಚೆಯಿಂದಲೇ ಕೂಗಿದಳು, "ಅಜ್ಜಿ, ನಿಂಬೆಯಲ್ಲಿ ಮೂರು ಚಿಗುರು, ಮೂರೂ ಗಂಟಿನ ಮೇಲಿನವೇ!"