ಸಿವಿಲೈಜೇಶನ್ 6: ಸಂಶೋಧನೆ ತುಂಬಾ ಬೇಗ ಓಡುತ್ತಿದ್ದರೆ

ಈ ಕಂಪ್ಯೂಟರ್ ಆಟದಲ್ಲಿ ಬಿಲ್ಲುಗಾರರನ್ನು ತಯಾರು ಮಾಡಿ ಗಡಿ ತಲುಪಿಸುವಷ್ಟರಲ್ಲಿ ಎದುರಾಳಿ ಕೋಟೆಗೋಡೆ ಎಬ್ಬಿಸಿರುತ್ತಾನೆ, ಅಲ್ವಾ? ಹೊಸ ಆಟ ಶುರು ಮಾಡುವಾಗಲೇ ಗೇಮ್ ಸ್ಪೀಡನ್ನು (ಆಟದ ವೇಗ) ನಿಧಾನದ ಎಪಿಕ್‌ಗೆ ಹಾಕಿ ನೋಡಿ. ಸಂಶೋಧನೆಯ ಖರ್ಚು ಒಂದೂವರೆ ಪಟ್ಟಾಗುತ್ತದೆ, ಇನ್ನೂ ನಿಧಾನದ ಮ್ಯಾರಥಾನ್‌ನಲ್ಲಿ 3 ಪಟ್ಟು. ಸೈನ್ಯ ತಯಾರಾಗುವುದೂ ನಿಧಾನವಾಗುತ್ತದೆ ನಿಜ, ಆದರೆ ಅದು ನಡೆಯುವ ವೇಗ ಮೊದಲಿನಷ್ಟೇ. ಹಾಗಾಗಿ ಯುದ್ಧಕ್ಕೆ ಸಮಯ ಸಿಗುತ್ತದೆ. ನನಗೆ ಎಪಿಕ್ಕೇ ಹದ. ಮ್ಯಾರಥಾನ್ ಶುರುವಿನಲ್ಲಿ ಜಾಸ್ತಿ ಎಳೆಯುತ್ತದೆ.

ಯುರೇಕಾ ಮಾತ್ರ ಮರೆಯಬೇಡಿ, ಅಂದರೆ ಒಂದು ಸಣ್ಣ ಕೆಲಸ ಮಾಡಿದರೆ ಒಂದು ಸಂಶೋಧನೆಯ ಒಂದಷ್ಟು ಭಾಗ ಸಿಗುವುದು. ಆಟದ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆ (ಎಕ್ಸ್‌ಪಾನ್ಶನ್) ಇದ್ದರೆ ಶೇ 40ರಷ್ಟು ಸಂಶೋಧನೆ ಪುಕ್ಕಟೆ. ಕಲ್ಲು ಕ್ವಾರಿ ಕಟ್ಟಿದರೆ ಮೇಸನ್ರಿ (ಕಲ್ಲುಕೆಲಸ) ಸಂಶೋಧನೆಗೆ, ಕವಣೆಗಾರ ಒಬ್ಬ ಶತ್ರುವನ್ನು ಕೊಂದರೆ ಆರ್ಚರಿ (ಬಿಲ್ಲುವಿದ್ಯೆ) ಸಂಶೋಧನೆಗೆ. ಶತ್ರು ಹತ್ತಿರದಲ್ಲೇ ಇದ್ದಾನೆ ಅಂದರೆ ಆರ್ಚರಿಯನ್ನು ಅರ್ಧಕ್ಕೆ ಬಿಟ್ಟು ಬೇರೆಯದು ಹಿಡಿಯಿರಿ. ಮಾಡಿದ ಭಾಗ ಎಲ್ಲೂ ಹೋಗುವುದಿಲ್ಲ. ಪೂರ್ತಿ ಮುಗಿಸಿದ ಮೇಲೆ ಕವಣೆಗಾರ ಕೊಂದರೆ ಆ ಯುರೇಕಾ ಸುಮ್ನೆ ವ್ಯರ್ಥ.